ಕಿಡ್ನಿ ಕೊಟ್ಟವರಿಗೆ, ನಗು ಕೊಟ್ಟವರಿಗೆ

ಕಿಡ್ನಿ ಕಸಿ ಮುಗಿಸಿಕೊಂಡು ಮನೆಗೆ ಬಂದಿದ್ದೇನೆ. ಕಿಡ್ನಿ ಕೆಟ್ಟರೆ ರಕ್ತದಲ್ಲೇ ಉಳಿಯುವ ಕಸ, ಕ್ರಿಯಾಟಿನಿನ್, ಇಳಿದಿದೆ; ಮೂತ್ರ ಸರಾಗವಾಗಿ ಹೋಗುತ್ತಿದೆ. ಇದೂ ಊರಿಗೆ ಸಾರುವ ಸುದ್ದಿಯೇ ಎಂದು ಮೂಗು ಮುರಿಯುವವರು ಡಯಾಲಿಸಿಸ್ ಕಂಡವರಲ್ಲ.

ಮೊದಲ ನಮಸ್ಕಾರ ಹೆಸರೇ ಗೊತ್ತಿಲ್ಲದ ಆ ಕುಟುಂಬಕ್ಕೆ. ತೀರಿಕೊಂಡವರ ಅಂಗಗಳನ್ನು ಸರದಿಯಂತೆ ಹಂಚುವ ರಾಜ್ಯದ ಸಂಸ್ಥೆ ‘ಜೀವಸಾರ್ಥಕತೆ’ಯ ಪಟ್ಟಿಯಲ್ಲಿ ನನ್ನ ಸರದಿ ಬಂದ ರಾತ್ರಿ ಅವರ ಮನೆಯಲ್ಲಿ ಏನಾಗಿತ್ತೆಂದು ನಾನು ಕೇಳುವಂತಿಲ್ಲ. ದೂರದಿಂದಲೇ ಕೈಮುಗಿಯುತ್ತೇನೆ. ಡಯಾಲಿಸಿಸ್‌ಗೆಂದು ಕೈಯ ರಕ್ತನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾಕ್ಕೆ ಸೂಜಿ ಚುಚ್ಚುವಾಗಲೆಲ್ಲ ಕ್ರಿಕೆಟ್ ಮಾತು ತೆಗೆಯುತ್ತಿದ್ದ ತಂತ್ರಜ್ಞರಿಗೆ, ನಾನು ಕುಡಿಯುವ ನೀರಿಗೆ ಅಳತೆಯ ಲೋಟ ಹಿಡಿದು ಕಾವಲು ಕೂತ ಹೆಂಡತಿಗೆ, ರಕ್ತ ಕೊಟ್ಟ ಗೆಳೆಯರಿಗೆ ಋಣಿ.

ಇನ್ನೊಬ್ಬರಿದ್ದಾರೆ, ಎರ್ಮಾ ಬಾಂಬೆಕ್. 1927ರಲ್ಲಿ ಅಮೆರಿಕದ ಒಹಾಯೊ ರಾಜ್ಯದಲ್ಲಿ ಹುಟ್ಟಿದ ಹಾಸ್ಯ ಲೇಖಕಿ. ಮೂರು ಮಕ್ಕಳ ತಾಯಿಯಾಗಿ 1964ರಲ್ಲಿ ಸ್ಥಳೀಯ ಪತ್ರಿಕೆಯೊಂದಕ್ಕೆ ಅಂಕಣ ಬರೆಯತೊಡಗಿದರು. ಸಂಭಾವನೆ ಅಂಕಣಕ್ಕೆ ಮೂರು ಡಾಲರ್. ಮಲಗುವ ಕೋಣೆಯಲ್ಲಿ ಸಿಮೆಂಟ್ ಇಟ್ಟಿಗೆಗಳ ಮೇಲೆ ಹಲಗೆ ಇಟ್ಟುಕೊಂಡರೆ ಅದೇ ಮೇಜು. ಒಗೆಯುವ ಬಟ್ಟೆ, ಮಕ್ಕಳ ರಗಳೆ, ಮುಗಿಯದ ಮನೆಗೆಲಸವೇ ವಸ್ತು. ಮುಂದೆ ಆ ಅಂಕಣ ಸುಮಾರು 900 ಪತ್ರಿಕೆಗಳಲ್ಲಿ ಬರತೊಡಗಿತು.

ಅವರಿಗೂ ನನ್ನದೇ ಕಾಯಿಲೆ. ಕಿಡ್ನಿಯ ತುಂಬ ನೀರುಗುಳ್ಳೆ ಬೆಳೆಯುವ ಈ ರೋಗ ವಂಶದಲ್ಲಿ ಬರುವಂಥದ್ದು (ನಮ್ಮಪ್ಪ ಬಿಟ್ಟುಹೋದ ಆಸ್ತಿಯಲ್ಲಿ ತಕರಾರಿಲ್ಲದೆ ನನ್ನ ಪಾಲಿಗೆ ಬಂದದ್ದು ಇದೊಂದೇ). ಬಾಂಬೆಕ್ ಅವರಿಗೆ 20ರ ಹರೆಯದಲ್ಲೇ ತಿಳಿದಿತ್ತು. ಆದರೂ ದಶಕಗಳ ಕಾಲ ಓದುಗರಿಗೆ ಸುಳಿವು ಕೊಡಲಿಲ್ಲ. 1992ರಲ್ಲಿ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ, ಆಮೇಲೆ ಮನೆಯಲ್ಲೇ ದಿನಕ್ಕೆ ನಾಲ್ಕು ಸಲ ಹೊಟ್ಟೆಯೊಳಗೆ ದ್ರವ ಹರಿಸಿ ತೆಗೆಯುವ ಡಯಾಲಿಸಿಸ್. ನಡುವೆ ಅಂಕಣ ನಿಲ್ಲಲಿಲ್ಲ. ಅಷ್ಟು ಹೆಸರಿದ್ದರೂ ಕಸಿಯ ಸರದಿಯಲ್ಲಿ ಮುಂದೆ ನುಗ್ಗಲು ಅದನ್ನು ಬಳಸಿಕೊಳ್ಳಲಿಲ್ಲ. ನಮ್ಮಲ್ಲಿ ಬಸ್ಸಿನ ಸೀಟಿಗೂ ಶಿಫಾರಸು ಹುಡುಕುವವರಿದ್ದಾರೆ.

ನನ್ನನ್ನು ಹಿಡಿದು ಕೂರಿಸಿದ್ದು ಕ್ಯಾನ್ಸರ್ ಗೆದ್ದ ಮಕ್ಕಳ ಬಗ್ಗೆ ಅವರು 1989ರಲ್ಲಿ ತಂದ ಪುಸ್ತಕ. ಮೂರು ಆಸೆ ಹೇಳು ಎಂದರೆ ಒಂದು ಮಗು ಹೇಳಿತಂತೆ: ಕೂದಲು ಬೆಳೆಯಬೇಕು, ನಾನು ದೊಡ್ಡವಳಾಗಬೇಕು, ಬಾಯ್ಸಿಗೆ ಹೋಗಬೇಕು. ಬಾಯ್ಸಿ ಎಂದರೆ ಸ್ವರ್ಗವಲ್ಲ, ಐಡಹೊ ರಾಜ್ಯದ ರಾಜಧಾನಿ. ಯಂತ್ರಕ್ಕೆ ಅಂಟಿಕೊಂಡು ಅದನ್ನು ಓದಿದಾಗ ನಕ್ಕೆ, ಪಕ್ಕದ ಹಾಸಿಗೆಯವರು ಗಾಬರಿಯಾದರು. ಬದುಕಬೇಕು ಎನ್ನುವ ದೊಡ್ಡ ಆಸೆಯ ಪಕ್ಕದಲ್ಲೇ ನನಗೂ ಒಂದು ಬಾಯ್ಸಿ ಇತ್ತು: ಅಳತೆ ನೋಡದೆ ಒಂದು ತಂಬಿಗೆ ಮಜ್ಜಿಗೆ. ಅಲ್ಲಿಯವರೆಗೆ ಹೇಳಿಕೊಳ್ಳಲು ನಾಚಿಕೆಯಾಗಿತ್ತು.

ಕಸಿಯಾಗಬೇಕಾದವರು ಓದಲು ತಕ್ಕ ಜೀವನಚರಿತ್ರೆ ಇದಲ್ಲ ಎಂಬುದು ನನ್ನ ಹೆಂಡತಿಯ ವಾದ. 1996ರ ಏಪ್ರಿಲ್ 3ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬಾಂಬೆಕ್ ಅವರಿಗೆ ಕಸಿಯಾಯಿತು, 22ರಂದು ತೀರಿಕೊಂಡರು. ಇದು ನನಗೆ ಗೊತ್ತಿದ್ದೇ ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ.

ನೋಡಲು ಬರುವವರು ದಯವಿಟ್ಟು ಮಾಸ್ಕ್ ಹಾಕಿಕೊಂಡು ಬನ್ನಿ. ನೆಗಡಿಯಿದ್ದವರು ಫೋನ್ ಮಾಡಿದರೆ ಸಾಕು. ಹೂವು ಬೇಡ. ಮಜ್ಜಿಗೆಯನ್ನು ಮನೆಯಲ್ಲೇ ಕಡೆಯುತ್ತಿದ್ದಾರೆ.