ರಕ್ತ ಎಲ್ಲಿಂದ ಬರುತ್ತಿದೆಯೆಂದು ಮೊದಲ ದಿನವೇ ಹುಡುಕಲಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ನನ್ನ ಅಣ್ಣನಿಗೆ ಮೇದೋಜೀರಕ ಗ್ರಂಥಿಯ ದೀರ್ಘಕಾಲದ ಉರಿಯೂತವಿದೆ. ಹೊಟ್ಟೆನೋವು, ಸಕ್ಕರೆ ಕಾಯಿಲೆ, ಊಟದ ಜೊತೆ ನುಂಗುವ ಕಿಣ್ವದ ಮಾತ್ರೆ ಎಲ್ಲವೂ ಮನೆಯವರಿಗೆ ರೂಢಿಯಾಗಿದ್ದವು. ಕಳೆದ ವರ್ಷ ಮಲ ಟಾರಿನಂತೆ ಕಪ್ಪಗೆ ಹೋಗತೊಡಗಿತು, ಒಳಗೆಲ್ಲೋ ರಕ್ತ ಸೋರುತ್ತಿರುವ ಗುರುತದು. ಎಂಡೋಸ್ಕೋಪಿಯಲ್ಲಿ ಏನೂ ಕಾಣಲಿಲ್ಲ. ರಕ್ತ ಕೊಟ್ಟು ಕಳಿಸಿದರು. ಎರಡು ವಾರಕ್ಕೆ ಮತ್ತೆ ಅದೇ ಕಪ್ಪು, ಅದೇ ಎಂಡೋಸ್ಕೋಪಿ, ಅದೇ ಉತ್ತರ. ಮೂರನೇ ಸಲ ಅವನು ಬಚ್ಚಲಲ್ಲಿ ಕುಸಿದು ಬಿದ್ದ.

ಆಗ ಇನ್ನೊಂದು ಆಸ್ಪತ್ರೆಯ ವೈದ್ಯೆಯೊಬ್ಬರು ತಡಮಾಡದೆ ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್, ಅಂದರೆ ಸಿ.ಟಿ. ಆಂಜಿಯೋಗ್ರಾಮ್ ಮಾಡಿಸಿದರು. ಗುಲ್ಮಕ್ಕೆ (ಸ್ಪ್ಲೀನ್) ಹೋಗುವ ಅಪಧಮನಿ ಮೇದೋಜೀರಕ ಗ್ರಂಥಿಗೆ ಅಂಟಿಕೊಂಡೇ ಸಾಗುತ್ತದೆ. ಗ್ರಂಥಿಯಿಂದ ಸೋರಿದ ಕಿಣ್ವಗಳು ಅದರ ಗೋಡೆಯನ್ನು ತಿಂದು ಹಾಕಿದ್ದವು. ಅಲ್ಲೊಂದು ರಕ್ತದ ಚೀಲ ಉಬ್ಬಿತ್ತು. ವೈದ್ಯರು ಅದನ್ನು ಸ್ಯೂಡೋಅನ್ಯೂರಿಸಂ ಎನ್ನುತ್ತಾರೆ. ಅದು ಗ್ರಂಥಿಯ ನಾಳಕ್ಕೆ ಒಡೆದರೆ ರಕ್ತ ಬಿಟ್ಟುಬಿಟ್ಟು ಕರುಳಿಗೆ ಇಳಿಯುತ್ತದೆ. ರಕ್ತ ನಿಂತ ಹೊತ್ತಿನಲ್ಲಿ ಎಂಡೋಸ್ಕೋಪಿ ಮಾಡಿದರೆ ಏನು ಕಂಡೀತು? ಇದೇನೂ ಹೊಸ ಸಂಗತಿಯಲ್ಲ. 1931ರಲ್ಲೇ ದಾಖಲಾಗಿದೆ, 1970ರಲ್ಲಿ ಇದಕ್ಕೆ ಹೀಮೋಸಕ್ಕಸ್ ಪ್ಯಾಂಕ್ರಿಯಾಟಿಕಸ್ ಎಂಬ ಹೆಸರೂ ಬಂತು.

ಅಣ್ಣನ ಹೊಟ್ಟೆ ಕೊಯ್ಯಬೇಕಾಗಲಿಲ್ಲ. ತೊಡೆಸಂದಿಗಷ್ಟೇ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಅಲ್ಲಿನ ರಕ್ತನಾಳದಿಂದ ಕ್ಯಾತಿಟರ್ ಎಂಬ ತೆಳುವಾದ ಕೊಳವೆ ತೂರಿಸಿ, ಲೋಹದ ಪುಟ್ಟ ಕಾಯಿಲ್‌ಗಳನ್ನು ಮೊದಲು ಚೀಲದ ಆಚೆ, ಆಮೇಲೆ ಈಚೆ ಇಟ್ಟರು. ಈಚೆ ಮಾತ್ರ ಮುಚ್ಚಿದರೆ ಅಕ್ಕಪಕ್ಕದ ನಾಳಗಳಿಂದ ರಕ್ತ ಹಿಮ್ಮುಖವಾಗಿ ಹರಿದು ಚೀಲವನ್ನು ಮತ್ತೆ ತುಂಬುತ್ತದಂತೆ. ಗುಲ್ಮಕ್ಕೆ ಹೊಟ್ಟೆಯ ಕಡೆಯ ಸಣ್ಣ ನಾಳಗಳಿಂದ ರಕ್ತ ಸಿಗುವುದರಿಂದ ಅದು ಉಳಿಯಿತು. ಎಲ್ಲರಿಗೂ ಇಷ್ಟು ಸುಲಭವಾಗಿ ಮುಗಿಯುವುದಿಲ್ಲ ಎಂಬುದೂ ಗೊತ್ತು. ಕೆಲವರಿಗೆ ಮತ್ತೆ ರಕ್ತ ಸೋರುತ್ತದೆ, ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಗುಲ್ಮದ ಅಭಿಧಮನಿ ಹೆಪ್ಪುಗಟ್ಟಿ ಜಠರದಲ್ಲಿ ಉಬ್ಬಿದ ನಾಳಗಳಿಂದ ರಕ್ತ ಬಂದರೆ ಚಿಕಿತ್ಸೆಯ ದಾರಿಯೇ ಬೇರೆ. ಆದರೆ ಯಾವುದೆಂದು ತಿಳಿಯಲಿಕ್ಕೂ ಆ ಸ್ಕ್ಯಾನ್ ಬೇಕು.

ಸಚಿವರೇ, ಮೊದಲು ಹೋದ ಆಸ್ಪತ್ರೆಯಲ್ಲೂ ಹೃದಯಕ್ಕೆಂದು ಕ್ಯಾತ್‌ಲ್ಯಾಬ್, ಅಂದರೆ ಕ್ಯಾತಿಟರ್ ತೂರಿಸಿ ಚಿಕಿತ್ಸೆ ಮಾಡುವ ಕೋಣೆ ಇತ್ತು. ಈ ಕಾಯಿಲ್ ಇರಲಿಲ್ಲ, ಸ್ಕ್ಯಾನ್ ಚಿತ್ರ ನೋಡುತ್ತಾ ಅದನ್ನು ಹಾಕಬಲ್ಲ ತಜ್ಞ, ಅಂದರೆ ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್ ಇರಲಿಲ್ಲ. ಮೇದೋಜೀರಕ ಗ್ರಂಥಿಯ ಉರಿಯೂತವಿರುವವರಿಗೆ ರಕ್ತಸ್ರಾವವಾಗಿ ಎಂಡೋಸ್ಕೋಪಿಯಲ್ಲಿ ಕಾರಣ ಸಿಗದಿದ್ದರೆ ಮನೆಗೆ ಕಳಿಸುವ ಮೊದಲು ಸಿ.ಟಿ. ಆಂಜಿಯೋಗ್ರಾಮ್ ಆಗಲೇಬೇಕೆಂದು ಸುತ್ತೋಲೆ ಹೊರಡಿಸಿ. ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ತಜ್ಞರ ಹುದ್ದೆ ತುಂಬಿ, ರಾತ್ರಿ ಪಾಳಿಗೂ ಸೇರಿಸಿ. ಅಣ್ಣನನ್ನು ಆ ಮೂರನೇ ಸಲ ಕರೆದೊಯ್ದಾಗ ರಾತ್ರಿ ಎರಡು ಗಂಟೆಯಾಗಿತ್ತು.

ಇಂತಿ,
ರೋಗಿಯೊಬ್ಬರ ತಂಗಿ