ಸೋಫಾ ಪಕ್ಕದ ಮೇಜು: ಹಳೆಯದು ಅಟ್ಟದಿಂದ ಬರಲಿ

ಮಾನ್ಯ ಸಂಪಾದಕರೇ,

ಹಜಾರದ ಸೋಫಾ ಪಕ್ಕದಲ್ಲಿಡುವ ಪುಟ್ಟ ಮೇಜುಗಳನ್ನು ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವು ಹಳೆಯ ಕಾಲದ್ದೋ ಈ ಕಾಲದ್ದೋ ಎಂಬ ಆಯ್ಕೆಯನ್ನು ಬರೀ ಕಣ್ಣಿನ ರುಚಿಗೆ ಬಿಟ್ಟುಕೊಟ್ಟಿದೆ. ಮಳೆಗಾಲವಿಡೀ ಗೋಡೆ ಬೆವರುವ, ಪೆಟ್ಟಿಗೆಯೊಳಗಿನ ರೇಷ್ಮೆ ಸೀರೆಗೂ ಬೂಷ್ಟು ಹಿಡಿಯುವ ಮಲೆನಾಡಿನಲ್ಲಿ ಅಷ್ಟಕ್ಕೇ ಬಿಡುವಂತಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಹಳೆಯ ಮೇಜು ಬೇಕೆಂದಿದ್ದರೆ ಅದು ನಮ್ಮ ಅಟ್ಟದಿಂದಲೋ ನೆಂಟರ ಮನೆಯಿಂದಲೋ ಇಳಿದು ಬರಬೇಕು, ಹೊಸದು ಬೇಕೆಂದಿದ್ದರೆ ಹೊಸದೆಂದೇ ಒಪ್ಪಿಕೊಳ್ಳುವಂಥದ್ದನ್ನು ತರಬೇಕು, ಹೊಸ ಮರಕ್ಕೆ ಮುಪ್ಪಿನ ಬಣ್ಣ ಬಳಿದು 'ವಿಂಟೇಜ್' ಎಂಬ ಚೀಟಿ ಅಂಟಿಸಿದ ಮೂರನೆಯ ಬಗೆಯೊಂದಿದೆಯಲ್ಲ, ಅದಕ್ಕೆ ಮಾತ್ರ ಹಣ ಸುರಿಯಬಾರದು.

ಈ ಮೂರನೆಯ ಬಗೆಯ ಮೇಜುಗಳಲ್ಲಿ ಬಹಳಷ್ಟು ಜೋಧಪುರದ ಕಡೆಯಿಂದ ಬರುತ್ತವೆ. ಅಲ್ಲಿನ ಕುಶಲಕರ್ಮಿಗಳ ಕೈಗುಣದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮರುಭೂಮಿಯಂಚಿನ ಒಣಹವೆಗೆ ಹೊಂದಿಕೊಂಡ ಮಾವು ಅಥವಾ ಶೀಶಮ್ ಹಲಗೆಯನ್ನು ತೀರ್ಥಹಳ್ಳಿಯ ಆಷಾಢಕ್ಕೆ ತಂದಿಟ್ಟರೆ ಅದು ತೇವವನ್ನು ಹೀರಿ ಅಡ್ಡಡ್ಡಲಾಗಿ ಹಿಗ್ಗುತ್ತದೆ, ಡ್ರಾಯರ್ ಬಿಗಿಯುತ್ತದೆ, ಮೇಲಿನ ಹಲಗೆ ಬಾಗುತ್ತದೆ. ಇನ್ನೊಂದು ಗೊಂದಲವೂ ಇದೆ. ಶೀಶಮ್ಮನ್ನು ಅಂಗಡಿಗಳಲ್ಲಿ 'ಇಂಡಿಯನ್ ರೋಸ್‌ವುಡ್' ಎಂದು ಮಾರುತ್ತಾರೆ; ನಮ್ಮ ಬೀಟೆಯನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ. ಎರಡೂ ಡಾಲ್ಬರ್ಜಿಯಾ ಕುಲದವೇ ಆದರೂ ಶೀಶಮ್ ಎಂದರೆ ಡಾಲ್ಬರ್ಜಿಯಾ ಸಿಸ್ಸೂ, ಬೀಟೆ ಎಂದರೆ ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. ಚೀಟಿ ನೋಡಿ ಬೀಟೆಯ ಬೆಲೆ ಕೊಟ್ಟು ಬಂದವರನ್ನು ನಾನು ಬಲ್ಲೆ. ನೂರು ವರ್ಷದ ಮೇಜು ಎಂದು ಯಾರಾದರೂ ತೋರಿಸಿದರೆ ಅದನ್ನು ಬುಡಮೇಲು ಮಾಡಿ ಮೊಳೆಗಳನ್ನು ನೋಡುವುದು ಒಳ್ಳೆಯದು: ಅಧಿಕ ಚಿಹ್ನೆಯ ತಲೆಯ ಫಿಲಿಪ್ಸ್ ತಿರುಪುಮೊಳೆ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ, ಆದ್ದರಿಂದ ಅದು ಕಂಡರೆ ಒಂದೋ ಮೇಜು ನಂತರ ದುರಸ್ತಿಯಾಗಿದೆ, ಇಲ್ಲವೇ ಮಾತು ಸುಳ್ಳು.

ನಿಜವಾದ ಹಳೆಯ ಮೇಜು ನಮ್ಮಲ್ಲಿ ಅಪರೂಪವೇನೂ ಅಲ್ಲ. ಹೊಸನಗರ, ಸಾಗರ, ಸೊರಬದ ಕಡೆಯ ದೊಡ್ಡ ಮನೆಗಳ ಅಟ್ಟದಲ್ಲಿ ರೇಡಿಯೋ ಇಡುತ್ತಿದ್ದ ಎತ್ತರದ ಮೇಜು, ಎಲೆಯಡಕೆಯ ಹರಿವಾಣ ಇಡುತ್ತಿದ್ದ ಗಿಡ್ಡ ಮೇಜು, ಕಾಗದಪತ್ರದ ಪೆಟ್ಟಿಗೆ ಹೊರುತ್ತಿದ್ದ ಸ್ಟ್ಯಾಂಡು ಇವೆಲ್ಲ ಅಡಕೆ ಚೀಲಗಳ ಹಿಂದೆ ಸರಿದು ಕುಳಿತಿರುತ್ತವೆ. ಆಸ್ತಿ ಹಿಸ್ಸೆಯಾಗುವಾಗ ಗದ್ದೆ ತೋಟಗಳಿಗೆ ಅಂಗುಲದ ಲೆಕ್ಕ ಹಾಕುವ ನಾವು ಇವನ್ನು ಸೌದೆಯ ದರಕ್ಕೆ ಗುಜರಿಯವರಿಗೆ ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ಚಂಡೀಗಢದ ಸರ್ಕಾರಿ ಕಚೇರಿಗಳಿಗೆಂದು 1950ರ ದಶಕದಲ್ಲಿ ವಾಸ್ತುಶಿಲ್ಪಿ ಪಿಯರ್ ಜಾನ್ನೆರೆ ಮತ್ತು ಅವರ ಸಹೋದ್ಯೋಗಿಗಳು ವಿನ್ಯಾಸಗೊಳಿಸಿದ ತೇಗದ ಕುರ್ಚಿ ಮೇಜುಗಳು ಹೀಗೆಯೇ ಗುಜರಿ ಸೇರಿ, ಅಲ್ಲಿಂದ ವಿದೇಶದ ಹರಾಜುಕಟ್ಟೆ ಹತ್ತಿ ಲಕ್ಷಗಟ್ಟಲೆ ರೂಪಾಯಿಗೆ ಮಾರಾಟವಾದವು. ನಮ್ಮ ಅಟ್ಟದ ಮೇಜಿಗೆ ಅಂಥ ಬೆಲೆ ಬರುತ್ತದೆಂದು ನಾನು ಹೇಳುತ್ತಿಲ್ಲ. ಆದರೆ ಡಾಲ್ಬರ್ಜಿಯಾ ಕುಲವಿಡೀ 2017ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಗೆ ಸೇರಿರುವಾಗ, ಕಾಡಿನಲ್ಲಿ ದೊಡ್ಡ ಬೀಟೆ ಮರ ಕಾಣುವುದೇ ಕಷ್ಟವಾಗಿರುವಾಗ, ಅಜ್ಜನ ಕಾಲದ ಬೀಟೆ ಹಲಗೆಯನ್ನು ಒಲೆಗೆ ಹಾಕುವುದು ಯಾವ ಜಾಣತನ?

ಹಾಗೆ ಇಳಿಸಿದ ಮೇಜನ್ನು ನೇರವಾಗಿ ಹಜಾರಕ್ಕೆ ತರಬಾರದು. ಮೊದಲು ಕುಟ್ಟೆ ಹಿಡಿದಿದೆಯೇ ನೋಡಬೇಕು. ತೇಗ, ಬೀಟೆಗಳ ಚೇಗು, ಅಂದರೆ ಒಳಗಿನ ಗಟ್ಟಿ ಮರ, ಹುಳುವಿಗೆ ಸುಲಭವಾಗಿ ಬಗ್ಗುವುದಿಲ್ಲ; ಹಾಳಾಗುವುದು ಹೆಚ್ಚಾಗಿ ಅಂಚಿನಲ್ಲಿ ಉಳಿದ ಬಿಳಿಮರದ ಭಾಗ. ತೂತುಗಳಿದ್ದ ಮಾತ್ರಕ್ಕೆ ಹೆದರಬೇಕಾಗಿಲ್ಲ. ಕೆಳಗೆ ಕಪ್ಪು ಕಾಗದ ಹಾಸಿ ಒಂದು ವಾರ ಬಿಟ್ಟಾಗ ಹೊಸ ಪುಡಿ ಉದುರಿದ್ದರೆ ಹುಳು ಜೀವಂತವಾಗಿದೆ, ಔಷಧಿ ಹಾಕಿಸಬೇಕು. ಬಿಸಿಲಿಗಿಟ್ಟರೆ ಸಾಕೆಂಬ ನಂಬಿಕೆ ನಮ್ಮಲ್ಲಿದೆ. ಅಟ್ಟದ ತಣ್ಣನೆಯ ಜಾಗದಿಂದ ಒಮ್ಮೆಲೇ ಅಂಗಳದ ಬಿಸಿಲಿಗೆ ತಂದ ಹಲಗೆ ಸೀಳುವುದೇ ಹೆಚ್ಚು. ಮಾಡಿನ ಪಕಾಸಿಗೆ ಬಳಿಯುವ ಗೇರೆಣ್ಣೆಯನ್ನು (ಗೇರುಬೀಜದ ಸಿಪ್ಪೆಯ ಎಣ್ಣೆ) ಮೇಜಿಗೂ ಬಳಿಯುವ ಉತ್ಸಾಹಿಗಳಿದ್ದಾರೆ. ಅದು ಚರ್ಮವನ್ನು ಸುಡುವಂಥದ್ದು, ಕೈ ಇಡುವ ವಸ್ತುವಿಗೆ ಸಲ್ಲದು. ಮೇಜಿಗೆ ಹಳೆಯ ಬಣ್ಣವಿದ್ದರೆ ಒಣ ಮರಳುಕಾಗದದಿಂದ ಉಜ್ಜಲೇಬಾರದು. ಮನೆಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣವನ್ನು ಹತ್ತು ಲಕ್ಷ ಭಾಗಕ್ಕೆ 90ಕ್ಕೆ ಮಿತಗೊಳಿಸಿದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಧೂಳಿನಲ್ಲಿ ಸೀಸವಿರುವ ಸಾಧ್ಯತೆಯಿದೆ, ಮಕ್ಕಳಿರುವ ಮನೆಯಲ್ಲಿ ಅದು ಆಟವಲ್ಲ. ಅರಗಿನ ಪಾಲಿಶ್ ಇರುವ ಮೇಜಾದರೆ ಬಿಸಿ ಕಾಫಿಯ ಲೋಟ ಬಿಳಿ ಉಂಗುರ ಬಿಡುತ್ತದೆಂಬುದನ್ನು ತಿಳಿದು ಕೆಳಗೊಂದು ಬಟ್ಟೆಯ ತುಂಡು ಇಡುವುದು ಲೇಸು.

ಹೊಸ ಮೇಜಿನ ವಿಷಯಕ್ಕೆ ಬಂದರೆ, ಶಿವಮೊಗ್ಗದ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುವ ಬಹುಪಾಲು ಮೇಜುಗಳು ಎಂಡಿಎಫ್ ಅಥವಾ ಪಾರ್ಟಿಕಲ್ ಬೋರ್ಡಿನವು, ಅಂದರೆ ಮರದ ನಾರು ಅಥವಾ ಚೂರುಗಳನ್ನು ಅಂಟು ಹಾಕಿ ಒತ್ತಿದ ಹಲಗೆಯವು. ಇವುಗಳ ಅಂಚಿನ ಪಟ್ಟಿ ಬಿಟ್ಟುಕೊಂಡು ನೀರು ಒಳಹೊಕ್ಕರೆ ಹಲಗೆ ಉಬ್ಬುತ್ತದೆ. ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಗೂ, ಅದರ ಕಾಲುಭಾಗವೂ ಬೀಳದ ಶಿವಮೊಗ್ಗ ನಗರಕ್ಕೂ ಒಂದೇ ಸಲಹೆ ಹೊಂದುವುದಿಲ್ಲ. ವಿನೋಬನಗರದ ಫ್ಲ್ಯಾಟಿನಲ್ಲಿ ಬಾಳಿಕೆ ಬರುವ ಎಂಡಿಎಫ್ ಘಟ್ಟದಂಚಿನ ಹೆಂಚಿನ ಮನೆಯಲ್ಲಿ ಎರಡು ಮಳೆಗಾಲ ಕಂಡರೆ ಹೆಚ್ಚು. ಪ್ಲೈವುಡ್ಡಿನದಾದರೆ 'ಎಂಆರ್' ಎಂಬ ಅಕ್ಷರಗಳನ್ನು ಕಂಡು ನೀರಿಗೆ ಜಗ್ಗದ್ದೆಂದು ಭಾವಿಸಬಾರದು, ಅದು ತೇವವನ್ನು ಸ್ವಲ್ಪಮಟ್ಟಿಗೆ ತಡೆಯುವುದು ಅಷ್ಟೇ. ಘಟ್ಟದ ಕಡೆಯವರು ಐಎಸ್ 710 ಮುದ್ರೆಯ ಮರೈನ್ ಪ್ಲೈ ಕೇಳುವುದು ಮೇಲು. ಉಕ್ಕಿನ ಕಾಲು, ಗಟ್ಟಿಗೊಳಿಸಿದ ಗಾಜಿನ ಮೇಜಂತೂ ಗೆದ್ದಲಿನ ಚಿಂತೆಯನ್ನೇ ನೀಗುತ್ತದೆ. ಸ್ಥಳೀಯ ಬಡಗಿಯಿಂದ ಮಾಡಿಸುವವರಿಗೆ ಅಕೇಶಿಯಾ ಒಳ್ಳೆಯ ಆಯ್ಕೆಯೆಂದು ನನಗನ್ನಿಸುತ್ತದೆ. ನೆಡುತೋಪುಗಳ ಹೆಸರಿನಲ್ಲಿ ನಮ್ಮ ಗುಡ್ಡಗಳನ್ನು ಆವರಿಸಿದ ಆ ಮರವನ್ನು ನಾವು ಶಪಿಸಿದ್ದು ನ್ಯಾಯವೇ, ಆದರೆ ಕಡಿದ ಮೇಲೆ ಅದು ತೇಗಕ್ಕೆ ಹತ್ತಿರದ ಬಣ್ಣ ಕೊಡುತ್ತದೆ. ಸರಿಯಾಗಿ ಒಣಗಿಸದಿದ್ದರೆ ಸೀಳುತ್ತದೆ ಎಂಬುದೊಂದೇ ಎಚ್ಚರಿಕೆ.

ಇಷ್ಟೆಲ್ಲ ನೋಡಿದ ಮೇಲೂ ಎತ್ತರ ತಪ್ಪಿದರೆ ಮೇಜು ನಿಷ್ಪ್ರಯೋಜಕ. ಸೋಫಾದ ಕೈ ಸಾಮಾನ್ಯವಾಗಿ 22ರಿಂದ 26 ಅಂಗುಲ ಇರುತ್ತದೆ. ಮೇಜು ಅದಕ್ಕೆ ಸಮನಾಗಿರಬೇಕು ಅಥವಾ ಒಂದೆರಡು ಅಂಗುಲ ಕೆಳಗಿರಬೇಕು. ಮೇಜಿನ ಆಳ ಸೋಫಾದ ಆಳವನ್ನು ಮೀರಿದರೆ ಓಡಾಡುವವರ ಮೊಣಕಾಲಿಗೆ ಪೆಟ್ಟು ಖಚಿತ. ಕೈ ಇಲ್ಲದ ದಿವಾನವಾದರೆ ಕುಳಿತುಕೊಳ್ಳುವ ಮಟ್ಟಕ್ಕಿಂತ ತುಸು ಮೇಲಿದ್ದರೆ ಸಾಕು. ಹಳೆಯ ರೇಡಿಯೋ ಮೇಜು ಇದಕ್ಕಿಂತ ಎತ್ತರವೆಂದು ಕಾಲು ಕತ್ತರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದನ್ನು ಕಿಟಕಿಯ ಬಳಿ ದೀಪಕ್ಕಿಟ್ಟು, ಸೋಫಾಕ್ಕೆ ಬೇರೆಯದನ್ನು ಹುಡುಕಿದರೆ ಆಯಿತು. ಸವೆದು ಏರುತಗ್ಗಾದ ಕಾವಿ ನೆಲದಲ್ಲಿ ನಾಲ್ಕು ಕಾಲಿನದು ಕುಲುಕುತ್ತದೆ, ಮೂರು ಕಾಲಿನದು ಕುಲುಕುವುದಿಲ್ಲ; ಆದರೆ ಅಂಚಿನ ಮೇಲೆ ಭಾರ ಬಿದ್ದರೆ ಮೂರು ಕಾಲಿನದೇ ಮೊದಲು ಮಗುಚುತ್ತದೆ. ವಯಸ್ಸಾದವರಿರುವ ಮನೆಗೆ ಈ ಕಾಲದ ವಿನ್ಯಾಸವೇ ಸರಿ: ಬುಡ ಸೋಫಾದಡಿಗೆ ಸರಿದು ಹಲಗೆ ಮಡಿಲ ಹತ್ತಿರ ಬರುವ, ಎತ್ತರ ಬದಲಿಸಬಹುದಾದ ಮೇಜನ್ನು ವಿನ್ಯಾಸಕಿ ಐಲೀನ್ ಗ್ರೇ 1927ರಷ್ಟು ಹಿಂದೆಯೇ ಉಕ್ಕಿನ ಕೊಳವೆ ಮತ್ತು ಗಾಜಿನಲ್ಲಿ ರೂಪಿಸಿದ್ದರು. ಅದೇ ತತ್ವದ ಅಗ್ಗದ ಮೇಜುಗಳು ಈಗ ಎಲ್ಲೆಡೆ ಸಿಗುತ್ತವೆ.

ಸೋಫಾದ ಎರಡೂ ಬದಿಗೆ ಒಂದೇ ಜೋಡಿ ಇರಬೇಕೆಂಬ ಲೇಖನದ ಸಲಹೆಯನ್ನು ನಾನು ಒಪ್ಪುವುದಿಲ್ಲ. ಒಂದು ಬದಿಗೆ ಬೀಟೆಯ ಹಳೆಯದು, ಇನ್ನೊಂದು ಬದಿಗೆ ಗಾಜಿನ ಹೊಸದು ಇದ್ದರೂ ಎರಡರ ಎತ್ತರ ಹೊಂದಿದ್ದರೆ ಕಣ್ಣು ಎಡವುವುದಿಲ್ಲ.

ಮುಂದಿನ ಸಲ ಪುರವಣಿಯಲ್ಲಿ ಇಂಥ ಚಿತ್ರಗಳನ್ನು ಮುದ್ರಿಸುವಾಗ ಪ್ರತಿ ಮೇಜಿನ ಎತ್ತರ, ಆಳ, ಮರ ಯಾವುದು, ಒಳಗಿನ ಹಲಗೆ ಯಾವುದು ಎಂಬುದನ್ನೂ ಕೆಳಗೆ ಕೊಡಬೇಕೆಂದೂ, ಮುಂಬೈಯ ಫ್ಲ್ಯಾಟಿನ ಚಿತ್ರಗಳ ಜೊತೆಗೆ ಒಂದಾದರೂ ಹೆಂಚಿನ ಮನೆಯ ಹಜಾರವನ್ನು ತೋರಿಸಬೇಕೆಂದೂ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓದುಗ, ಶಿವಮೊಗ್ಗ