ಹಳೇ ಗಾರೆಗೆ ಸಿಮೆಂಟ್ ಮೆತ್ತುವ ಮೊದಲು

ಸಂಪಾದಕರೇ,

ಮಧುಗಿರಿಯ ನಮ್ಮ ಮನೆ ತಾತನ ಕಾಲದ್ದು, ಗೋಡೆಯೆಲ್ಲ ಸುಣ್ಣದ ಗಚ್ಚುಗಾರೆ. ಗಟ್ಟಿಯಾಗಲಿ ಅಂತ ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆವು. ಮೂರನೇ ಮಳೆಗಾಲಕ್ಕೆ ಅದು ಹಪ್ಪಳದ ಹಾಗೆ ಎದ್ದು ಬಿತ್ತು, ಬೀಳುವಾಗ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಬಂತು. ಗಾರೆ ಗೋಡೆ ಉಸಿರಾಡುತ್ತದೆ, ಸಿಮೆಂಟ್ ಅದರ ತೇವವನ್ನು ಹೊರಗೆ ಬಿಡುವುದಿಲ್ಲ. ಬಿದ್ದ ಚೂರೊಂದನ್ನು ಬಿಸಿಲಿಗೆ ಹಿಡಿದು ನೋಡಿದೆ. ಇಟ್ಟಿಗೆ ಪುಡಿಯ ಕೆಂಪು, ನಡುನಡುವೆ ಅಕ್ಕಿನುಚ್ಚಿನಷ್ಟು ಬಿಳಿ ಸುಣ್ಣದ ಗಂಟು. ಸರಿಯಾಗಿ ಕಲಸಿಲ್ಲ ಅಂದುಕೊಂಡೆ.

ಪ್ರಾಚೀನ ರೋಮನ್ನರ ಗಾರೆಯಲ್ಲೂ ಇಂಥ ಬಿಳಿ ಗಂಟುಗಳಿವೆ, ಅವನ್ನೂ ಬಹಳ ಕಾಲ ಕಲಸುವವರ ತಪ್ಪು ಅಂತಲೇ ತಿಳಿದಿದ್ದರು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕ ಅಡ್ಮಿರ್ ಮಾಸಿಕ್ ತಂಡ ಇಟಲಿಯ ಪ್ರಿವರ್ನಮ್ ಎಂಬ ಹಳೇ ಊರಿನ ಗೋಡೆಯ ಚೂರುಗಳನ್ನು ಪರೀಕ್ಷೆ ಮಾಡಿ 2023ರಲ್ಲಿ ಬೇರೆಯದೇ ಹೇಳಿತು. ಮೊದಲೇ ನೀರು ಹಾಕಿ ಅರಳಿಸದ ಸುಟ್ಟ ಸುಣ್ಣವನ್ನೇ ಜ್ವಾಲಾಮುಖಿ ಬೂದಿಯ ಜೊತೆ ಹಾಕಿ ನೀರು ಬಿಟ್ಟು, ಕುದಿಯುತ್ತಿರುವಾಗಲೇ ಕಲಸುತ್ತಿದ್ದರಂತೆ, ಹಾಗಾಗಿ ಆ ಗಂಟುಗಳು ಉಳಿದವು. ಗೋಡೆ ಬಿರುಕು ಬಿಟ್ಟಾಗ ನೀರು ಇಳಿದು ಗಂಟಿನ ಸುಣ್ಣ ಕರಗುತ್ತದೆ, ಬಿರುಕಿನಲ್ಲೇ ಮತ್ತೆ ಗಟ್ಟಿಯಾಗಿ ಅದನ್ನು ಮುಚ್ಚುತ್ತದೆ. ಆ ತಂಡ ಅದೇ ರೀತಿ ಕಲಸಿ ಹೊಸ ತುಂಡು ತಯಾರಿಸಿ, ಒಡೆದು, ಬಿರುಕಿನಲ್ಲಿ ನೀರು ಹರಿಸಿ ನೋಡಿದಾಗ ಎರಡು ವಾರದಲ್ಲಿ ನೀರು ನಿಂತಿತು. ಸುಟ್ಟ ಸುಣ್ಣ ಹಾಕದ ತುಂಡಿನಲ್ಲಿ ನಿಲ್ಲಲೇ ಇಲ್ಲ! ಆ ರೋಮನ್ನರೇ ಕಟ್ಟಿದ ಪ್ಯಾಂಥಿಯನ್ ಎಂಬ ದೇವಾಲಯ ರೋಮಿನಲ್ಲಿದೆ, ಅದರ ಗುಮ್ಮಟ 43 ಮೀಟರ್ ಅಗಲ, ಒಳಗೆ ಒಂದು ಕಬ್ಬಿಣದ ಸರಳೂ ಇಲ್ಲ, ಸುಮಾರು 1,900 ವರ್ಷದಿಂದ ನಿಂತಿದೆ.

ನಮ್ಮ ಗಾರೆಯೂ ಹಾಗೇ ಅಂತ ನಾನು ಹೇಳುತ್ತಿಲ್ಲ. ನಮ್ಮಲ್ಲಿ ಆ ಬೂದಿ ಇಲ್ಲ, ಸುರ್ಕಿ, ಅಂದರೆ ಇಟ್ಟಿಗೆ ಪುಡಿ ಹಾಕುತ್ತಿದ್ದರು. ಆದರೆ ನೋಡದೆ ಸಿಮೆಂಟ್ ಮೆತ್ತುವುದು ಬೇಡ ಅಲ್ವಾ? ಮಧುಗಿರಿ ಕೋಟೆಯಾಗಲಿ, ಸಿರಾದ ಮಲಿಕ್ ರಿಹಾನ್ ಗೋರಿಯಾಗಲಿ, ಹಳ್ಳಿಯ ಕಲ್ಯಾಣಿಯಾಗಲಿ, ರಿಪೇರಿಗೆ ಮೊದಲು ಉದುರಿದ ಹೆಬ್ಬೆರಳು ಗಾತ್ರದ ಚೂರೊಂದನ್ನು ಲ್ಯಾಬಿಗೆ ಕಳಿಸಿ. ಆಮ್ಲದಲ್ಲಿ ಸುಣ್ಣ ಕರಗಿಸಿದರೆ ಮರಳು, ಇಟ್ಟಿಗೆ ಪುಡಿ ತಳದಲ್ಲಿ ಉಳಿಯುತ್ತವೆ, ತೂಗಿ ನೋಡಿದರೆ ಸುಣ್ಣ ಎಷ್ಟು, ಉಳಿದದ್ದು ಎಷ್ಟು ಎಂಬ ಅಳತೆ ಸಿಗುತ್ತದೆ. ಇದು ಭಾರೀ ಖರ್ಚಿನ ಕೆಲಸವೂ ಅಲ್ಲ, ತುಮಕೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳೇ ಮಾಡಬಹುದು. ಗಾಣದಲ್ಲಿ ಗಾರೆ ಅರೆದ ಕೈಗಳು ಇನ್ನೂ ಒಂದೆರಡು ನಮ್ಮ ಊರಲ್ಲಿವೆ, ಅವರನ್ನೂ ಜೊತೆಗೆ ಕರೆಯಿರಿ. ನಮ್ಮ ಮನೆ ಗೋಡೆಗೆ ಈ ಬೇಸಿಗೆಯಲ್ಲಿ ಸುಣ್ಣ ಅರಳಿಸುವವರು ಅಂಥ ಒಬ್ಬ ಅಜ್ಜನೇ.

– ಒಬ್ಬ ಓದುಗ, ಮಧುಗಿರಿ, ತುಮಕೂರು ಜಿಲ್ಲೆ